ಖಾಲಿಯಾಗದ ಸಿಲಿಂಡರ್

ದೋಸೆ ಅಂಟದ ಕಾವಲಿಯ ಕಥೆ ಶುರುವಾದದ್ದು ಅಡುಗೆಮನೆಯಲ್ಲಲ್ಲ. 1938ರ ಏಪ್ರಿಲ್ 6. ಅಮೆರಿಕದ ನ್ಯೂಜೆರ್ಸಿಯ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಫ್ರಿಜ್ಜಿಗೆ ಹೊಸ ಅನಿಲ ಹುಡುಕುತ್ತಿದ್ದರು. ತುಂಬಿಟ್ಟಿದ್ದ ಸಿಲಿಂಡರನ್ನು ತೆರೆದರೆ ಏನೂ ಬರಲಿಲ್ಲ. ಬೇರೆಯವರಾಗಿದ್ದರೆ, ಸೋರಿಹೋಗಿದೆಯೆಂದು ಮೂಲೆಗೆ ಎಸೆಯುತ್ತಿದ್ದರೇನೋ. ಪ್ಲಂಕೆಟ್ ಮತ್ತು ಸಹಾಯಕ ಜಾಕ್ ರೆಬೋಕ್ ತೂಗಿ ನೋಡಿದರು, ಭಾರ ಇಳಿದಿರಲಿಲ್ಲ! ಗರಗಸದಿಂದ ಕೊಯ್ದಾಗ ಒಳಗಿತ್ತು ಜಾರುವ ಬಿಳಿಪುಡಿ. ಅದೇ ಟೆಫ್ಲಾನ್.

ಅದು ಮೊದಲು ದುಡಿದದ್ದು ಅಣುಬಾಂಬಿನ ಯೋಜನೆಯಲ್ಲಿ, ಲೋಹವನ್ನೇ ತಿನ್ನುವ ಯುರೇನಿಯಂ ಅನಿಲವನ್ನು ತಡೆಯಲು. ಯಾವುದಕ್ಕೂ ಅಂಟದ ಅದನ್ನು ಅಲ್ಯೂಮಿನಿಯಮ್ಮಿಗೆ ಅಂಟಿಸುವ ಬಗೆ ಕಂಡುಕೊಂಡವರು ಫ್ರಾನ್ಸಿನ ಮಾರ್ಕ್ ಗ್ರೆಗೊಯರ್. ಅವರ ಗಮನವೆಲ್ಲ ಮೀನಿನ ಗಾಳದ ಸರಂಜಾಮಿನ ಮೇಲಿತ್ತು. 1954ರಲ್ಲಿ, ಅದನ್ನು ಬಾಣಲೆಗೇಕೆ ಬಳಿಯಬಾರದೆಂದು ಕೇಳಿದ್ದು ಹೆಂಡತಿ ಕೊಲೆಟ್.