ಆಕಾಶದ ದಾರಿಯಲ್ಲಿ ಬಂದ ಕನ್ನಡ: ಅಹಮದಾಬಾದು ಮತ್ತು ಕಲಬುರಗಿಯ ನಡುವಿನ ಒಂದು ವರ್ಷ

ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಈ ನಾಡಿಗೂ ನಮ್ಮ ನುಡಿಗೂ ಇರುವ ನಂಟನ್ನು ಹುಡುಕಲು ಹೊರಟಾಗ ಸಾಮಾನ್ಯವಾಗಿ ರಾಷ್ಟ್ರಕೂಟರ ಕಾಲಕ್ಕೆ ಹೋಗಿ ನಿಲ್ಲುತ್ತೇವೆ. ಲಾಟ ದೇಶವೆನಿಸಿದ್ದ ದಕ್ಷಿಣ ಗುಜರಾತನ್ನು ಆ ವಂಶದ ಒಂದು ಶಾಖೆ ಆಳಿತೆಂಬುದು ನಮ್ಮ ಹೆಮ್ಮೆಯ ಮಾತು. ಆದರೆ ಐವತ್ತು ವರ್ಷಗಳಷ್ಟೇ ಹಿಂದಿನ ಮತ್ತೊಂದು ನಂಟು ನಮ್ಮ ನೆನಪಿನಿಂದ ಜಾರಿಹೋಗಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳ ಜನ ಕನ್ನಡ ದೂರದರ್ಶನವನ್ನು ನೋಡಿದರು. ಆ ಕನ್ನಡ ಆಕಾಶಕ್ಕೇರುತ್ತಿದ್ದ ಮುಖ್ಯ ಭೂಕೇಂದ್ರವಿದ್ದದ್ದು ಅಹಮದಾಬಾದಿನಲ್ಲಿ. ಆ ಹೊತ್ತಿಗೆ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ.

ಸಮೂಹ ಮಾಧ್ಯಮವು ಸಮಾಜವನ್ನು ರೂಪಿಸುತ್ತದೆ ಎಂಬ ಮಾತನ್ನು ನಾವು ಬಹಳ ಸಲೀಸಾಗಿ ಆಡುತ್ತೇವೆ. ಅದು ಯಾರ ಭಾಷೆಯಲ್ಲಿ ರೂಪಿಸುತ್ತದೆ, ಕೇಳುವವನಿಗೆ ಮರುಮಾತಾಡುವ ಅವಕಾಶವಿದೆಯೇ ಎಂಬ ಪ್ರಶ್ನೆಗಳನ್ನು ಕೇಳುವುದು ಕಡಿಮೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಅಹಮದಾಬಾದಿನ ಚರಿತ್ರೆಯಷ್ಟು ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಮೊದಲು ಅಚ್ಚಿನ ಮಾತು. 1848ರಲ್ಲಿ ಅಲೆಕ್ಸಾಂಡರ್ ಕಿನ್ಲಾಕ್ ಫೋರ್ಬ್ಸ್ ಅಹಮದಾಬಾದಿನಲ್ಲಿ ಗುಜರಾತ್ ವರ್ನಾಕ್ಯುಲರ್ ಸೊಸೈಟಿಯನ್ನು ಸ್ಥಾಪಿಸಿದರು. ಮರುವರ್ಷ ಹೊರಟ ‘ವರ್ತಮಾನ’ ವಾರಪತ್ರಿಕೆಯು ಬುಧವಾರ ಬರುತ್ತಿದ್ದುದರಿಂದ ಜನರ ಬಾಯಲ್ಲಿ ‘ಬುಧವಾರಿಯು’ ಆಯಿತು. ಸೂರತ್ತಿನ ನರ್ಮದ್ 1864ರಲ್ಲಿ ‘ದಾಂಡಿಯೋ’ ಪತ್ರಿಕೆಯ ಮೂಲಕ ಸಮಾಜಸುಧಾರಣೆಯ ಡಂಗುರ ಸಾರಿದರು, 1873ರಲ್ಲಿ ‘ನರ್ಮಕೋಶ’ವನ್ನು ಪ್ರಕಟಿಸಿದರು. ಪತ್ರಿಕೆ ಮತ್ತು ನಿಘಂಟು ಒಂದೇ ಕೈಯಿಂದ ಬಂದದ್ದು ಆಕಸ್ಮಿಕವಲ್ಲ. ದೂರದೂರದ ಓದುಗರು ಒಂದೇ ಪುಟವನ್ನು ಓದಬೇಕಾದರೆ ಪದಗಳಿಗೆ ಒಂದೇ ಅರ್ಥ, ಒಂದೇ ಕಾಗುಣಿತ ಬೇಕಾಗುತ್ತದೆ. ಕನ್ನಡದಲ್ಲಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದನ್ನೂ, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದನ್ನೂ ಇದೇ ಸಾಲಿನಲ್ಲಿಟ್ಟು ನೋಡಬಹುದು. ಧಾರವಾಡ, ಬಿಜಾಪುರ, ಅಹಮದಾಬಾದು, ಸೂರತ್ತು ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದ ಜಿಲ್ಲೆಗಳೆಂಬುದನ್ನು ನಾವು ಮರೆಯಬಾರದು.

1919ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಅಹಮದಾಬಾದಿನಿಂದ ‘ನವಜೀವನ’ ವಾರಪತ್ರಿಕೆಯನ್ನು ಗುಜರಾತಿಯಲ್ಲಿ ಹೊರಡಿಸತೊಡಗಿದಾಗ ಅಚ್ಚಿನ ಮಾತು ರೈತನ ಅಂಗಳದವರೆಗೂ ಇಳಿಯಿತು. ‘ಯಂಗ್ ಇಂಡಿಯಾ’ದ ಲೇಖನಗಳಿಗಾಗಿ 1922ರ ಮಾರ್ಚ್ 18ರಂದು ಇದೇ ನಗರದಲ್ಲಿ ವಿಚಾರಣೆ ನಡೆದು ಅವರಿಗೆ ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಬರಹಕ್ಕೆ ಅಷ್ಟು ಬೆಲೆ ತೆರಬೇಕಾಗಿ ಬಂದದ್ದೇ ಅದರ ಬಲಕ್ಕೆ ಸಾಕ್ಷಿ. ಗುಜರಾತ್ ವಿದ್ಯಾಪೀಠವು 1929ರಲ್ಲಿ ‘ಜೋಡಣಿಕೋಶ’ವನ್ನು ಪ್ರಕಟಿಸಿ ಗುಜರಾತಿಗೆ ಏಕರೂಪದ ಕಾಗುಣಿತವನ್ನು ನೀಡಿತು. ಇದರಿಂದಾದ ಲಾಭ ದೊಡ್ಡದು. ಆದರೆ ಚರೋತರದ ರೈತನ ಮಾತು, ಸೂರತ್ತಿನ ಬೀದಿಯ ಮಾತು ಅಚ್ಚಿನ ಪುಟದ ಹೊರಗೇ ಉಳಿದವು. ಅಕ್ಷರ ಬಾರದವರ ಪಾಲಿಗಂತೂ ಆ ಪುಟವೇ ದೂರದ್ದಾಗಿತ್ತು.

ಅಕ್ಷರದ ಈ ಬೇಲಿಯನ್ನು ದಾಟುವ ಆಸೆಯೇ ದೂರದರ್ಶನದ ಪ್ರಯೋಗಕ್ಕೆ ಬೀಜವಾಯಿತು. ಅಹಮದಾಬಾದಿನಲ್ಲಿ ಹುಟ್ಟಿ, 1947ರಲ್ಲಿ ಅಲ್ಲಿಯೇ ಭೌತ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದ ವಿಕ್ರಮ್ ಸಾರಾಭಾಯಿ, ದೂರದರ್ಶನವು ಶ್ರೀಮಂತ ನಗರಗಳಿಂದ ಆರಂಭವಾಗಿ ಹಳ್ಳಿಗೆ ಕೊನೆಯಲ್ಲಿ ತಲುಪುವ ಕ್ರಮವನ್ನು ಒಪ್ಪಲಿಲ್ಲ. ಉಪಗ್ರಹದ ನೆರವಿದ್ದರೆ ಅತಿ ದೂರದ ಹಳ್ಳಿಯೂ ರಾಜಧಾನಿಯೂ ಒಂದೇ ದಿನ ಚಿತ್ರವನ್ನು ಕಾಣಬಹುದೆಂಬುದು ಅವರ ವಾದ. 1969ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಕ್ಕೂ ಒಪ್ಪಂದವಾಯಿತು. ಅದರ ಫಲವನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ತೀರಿಕೊಂಡರು. ಯಶಪಾಲ್ ಅವರ ನೇತೃತ್ವದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರವು ಕೆಲಸವನ್ನು ಮುಂದುವರಿಸಿತು. ನಮ್ಮ ಉಡುಪಿಯ ಯು. ಆರ್. ರಾವ್ ಅವರೂ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಇದೇ ನಗರದಲ್ಲಿ ಸಂಶೋಧನೆ ನಡೆಸಿ ಬೆಳೆದವರು.

‘ಸೈಟ್’ ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧವಾದ ಈ ಉಪಗ್ರಹ ಬೋಧನ ದೂರದರ್ಶನ ಪ್ರಯೋಗಕ್ಕೆ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತು. ಕರ್ನಾಟಕ, ಆಂಧ್ರಪ್ರದೇಶ, ಒಡಿಶಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ ಈ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಯಿತು. ಶಾಲೆ ಅಥವಾ ಪಂಚಾಯಿತಿ ಕಟ್ಟಡದಂತಹ ಸಾರ್ವಜನಿಕ ಸ್ಥಳದಲ್ಲಿ ಒಂದು ದೂರದರ್ಶನ ಪೆಟ್ಟಿಗೆ, ಹೊರಗೆ ಸುಮಾರು ಹತ್ತಡಿ ಅಗಲದ, ತಂತಿಬಲೆಯಿಂದ ಮಾಡಿದ ಬೋಗುಣಿಯಾಕಾರದ ಆಂಟೆನಾ: ಇಷ್ಟೇ ಹಳ್ಳಿಯ ಸಲಕರಣೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನ ಎಲ್ಲರಿಗೆ ಎಂದು ದಿನಕ್ಕೆ ಒಟ್ಟು ನಾಲ್ಕು ಗಂಟೆಗಳ ಪ್ರಸಾರ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜಾನಪದ ಕಲೆ ಸಂಜೆಯ ವಿಷಯಗಳು. ಶಾಲೆಗೆ ರಜೆಯಿದ್ದ ಅವಧಿಯಲ್ಲಿ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇದೇ ಮಾರ್ಗದಲ್ಲಿ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು.

ಭಾಷೆಯ ತೊಡಕು ಎದುರಾದದ್ದು ಇಲ್ಲಿ. ಪ್ರಸಾರವು ಹಿಂದಿ, ಒಡಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳಲ್ಲಿ ಆಗಬೇಕಿತ್ತು. ಉಪಗ್ರಹದಲ್ಲಿದ್ದದ್ದು ಚಿತ್ರಕ್ಕೆ ಒಂದು ವಾಹಿನಿ, ಧ್ವನಿಗೆ ಎರಡು. ಆದ್ದರಿಂದ ಆಂಧ್ರಕ್ಕೂ ಕರ್ನಾಟಕಕ್ಕೂ ಒಂದೇ ಚಿತ್ರವನ್ನು ತೋರಿಸಿ, ಒಂದು ಧ್ವನಿಮಾರ್ಗದಲ್ಲಿ ತೆಲುಗನ್ನೂ ಇನ್ನೊಂದರಲ್ಲಿ ಕನ್ನಡವನ್ನೂ ಕಳುಹಿಸುವ ಉಪಾಯ ಮಾಡಲಾಯಿತು. ಕನ್ನಡ ಕಾರ್ಯಕ್ರಮಗಳ ತಯಾರಿಯ ಹೊಣೆ ಆಕಾಶವಾಣಿಯ ಹೈದರಾಬಾದಿನ ಕೇಂದ್ರದ್ದಾಗಿತ್ತು. ತಂತ್ರದ ದೃಷ್ಟಿಯಿಂದ ಇದು ಮೆಚ್ಚಬೇಕಾದ ಮಿತವ್ಯಯ. ನುಡಿಯ ದೃಷ್ಟಿಯಿಂದ ಮಾತ್ರ ಯೋಚಿಸಬೇಕಾದ ಸಂಗತಿ. ಒಂದೇ ತುಟಿ ಎರಡು ಭಾಷೆಗಳನ್ನು ಆಡಲಾರದು. ಚಿತ್ರದ ಮೇಲೆ ವಿವರಣೆ ಓದುವ ಕ್ರಮಕ್ಕೆ ಈ ಏರ್ಪಾಡು ಒಗ್ಗುತ್ತದೆ. ಇಬ್ಬರು ಕಟ್ಟೆಯ ಮೇಲೆ ಕುಳಿತು ಜಗಳವಾಡುವ, ನಗುವ, ಕೊಂಕು ನುಡಿಯುವ ಜೀವಂತ ಸಂಭಾಷಣೆಗೆ ಒಗ್ಗುವುದಿಲ್ಲ.

ಆ ಮೂರು ಜಿಲ್ಲೆಗಳ ಕನ್ನಡವಾದರೂ ಒಂದೇ ಬಗೆಯದಲ್ಲ. ಬಿಜಾಪುರ ಮುಂಬಯಿ ಪ್ರಾಂತದಿಂದ ಬಂದದ್ದು. ಗುಲ್ಬರ್ಗ, ರಾಯಚೂರು 1948ರವರೆಗೆ ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ಸಂಸ್ಥಾನದಲ್ಲಿದ್ದವು. 1956ರಲ್ಲಿ ಇವೆಲ್ಲ ಒಂದು ರಾಜ್ಯವಾದಾಗ ಪಠ್ಯಪುಸ್ತಕದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ಅಂತರವಿತ್ತು. ಬೆಂಗಳೂರಿನವರು ‘ಆಸ್ಪತ್ರೆ’ ಎನ್ನುವಲ್ಲಿ ಅಲ್ಲಿನವರು ‘ದವಾಖಾನಿ’ ಎನ್ನುತ್ತಾರೆ. ಗುಜರಾತಿಗರ ‘ದವಾಖಾನು’ ನಮ್ಮಲ್ಲಿ ಹಲವರ ಕಿವಿಗೆ ಹೊಸದೆನಿಸದಿರುವುದು ಇದರಿಂದಲೇ. ‘ಹೋಗ್ಯಾನ’, ‘ಬಂದಾಳ’ ಎನ್ನುವ ತಾಯಿಗೆ ಮಗುವಿನ ಆರೈಕೆಯ ಸಲಹೆ ಗ್ರಾಂಥಿಕ ನುಡಿಯಲ್ಲಿ ಬಂದರೆ ಆಕೆ ಗೌರವದಿಂದ ಕೇಳಬಹುದು. ತನ್ನ ನುಡಿಯಲ್ಲಿ ಬಂದರೆ ಅದರೊಡನೆ ವಾದಿಸಬಹುದು. ಕಲಿಕೆ ಆರಂಭವಾಗುವುದು ಆ ವಾದದಲ್ಲಿ. ಇನ್ನು ಸಂಜೆಯ ಅರ್ಧ ಗಂಟೆಯ ರಾಷ್ಟ್ರೀಯ ಕಾರ್ಯಕ್ರಮವಂತೂ ಎಲ್ಲ ರಾಜ್ಯಗಳಿಗೂ ಹಿಂದಿಯಲ್ಲೇ ಬರುತ್ತಿತ್ತು.

ಪ್ರಯೋಗ ವಿಫಲವಾಯಿತೆಂದು ನಾವು ಹೇಳುತ್ತಿಲ್ಲ. ಇಸ್ರೊದ ಸಮಾಜವಿಜ್ಞಾನಿಗಳು ಹಳ್ಳಿಗಳಲ್ಲಿಯೇ ಉಳಿದು ನಡೆಸಿದ ಅಧ್ಯಯನದಲ್ಲಿ ಆರೋಗ್ಯ ಮತ್ತು ಕುಟುಂಬ ಯೋಜನೆಯ ತಿಳಿವಳಿಕೆಯ ಗಳಿಕೆ ಗಮನಾರ್ಹವಾಗಿ ಕಂಡದ್ದು ಅನಕ್ಷರಸ್ಥರಲ್ಲಿ, ಅದರಲ್ಲೂ ಹೆಂಗಸರಲ್ಲಿ. ಅಚ್ಚಿನ ಪುಟ ನೂರು ವರ್ಷಗಳಲ್ಲಿ ತಲುಪದವರನ್ನು ಪರದೆ ಒಂದು ವರ್ಷದಲ್ಲಿ ತಲುಪಿತು. ಹೊಸ ಬೇಸಾಯ ಪದ್ಧತಿಗಳ ಅಳವಡಿಕೆಯಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಇದು ಸಹಜವೇ. ಮಗುವಿಗೆ ಕುದಿಸಿದ ನೀರು ಕೊಡಲು ತಾಯಿಯ ಮನಸ್ಸು ಸಾಕು. ಹೊಸ ಬೀಜ ಬಿತ್ತಲು ನೀರು, ಸಾಲ, ಭೂಮಿ ಬೇಕು. ಮಾತು ಬದಲಿಸಬಲ್ಲದ್ದೆಷ್ಟು, ಬದಲಿಸಲಾರದ್ದೆಷ್ಟು ಎಂಬುದರ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಾಲದ ಇನ್ನೊಂದು ಮುಖವನ್ನೂ ನೋಡಬೇಕು. ಪ್ರಸಾರ ಆರಂಭವಾದದ್ದು ತುರ್ತುಪರಿಸ್ಥಿತಿ ಘೋಷಣೆಯಾಗಿ ಐದು ವಾರಗಳು ಕಳೆದ ಮೇಲೆ. ಪತ್ರಿಕೆಗಳ ಮೇಲೆ ಸೆನ್ಸಾರ್ ಬಿದ್ದಿತ್ತು. ವಡೋದರಾದ ‘ಭೂಮಿಪುತ್ರ’ ಪತ್ರಿಕೆಯ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟ್ ಸೆನ್ಸಾರಿನ ಅತಿರೇಕವನ್ನು ತಡೆದದ್ದು ಆ ದಿನಗಳಲ್ಲೇ. ಪತ್ರಿಕೆಗೆ ನ್ಯಾಯಾಲಯದ ಬಾಗಿಲು ತಟ್ಟುವ ದಾರಿಯಾದರೂ ಇತ್ತು. ಪರದೆಯ ಮುಂದೆ ಕುಳಿತ ಹಳ್ಳಿಗನಿಗೆ ಆಕಾಶಕ್ಕೆ ಮರುಮಾತು ಕಳುಹಿಸುವ ದಾರಿ ಇರಲಿಲ್ಲ.

ಆ ದಾರಿಯನ್ನು ಹುಡುಕಿದ್ದು ಖೇಡಾ. ಅದೇ 1975ರಲ್ಲಿ, ಅದೇ ಬಾಹ್ಯಾಕಾಶ ಕೇಂದ್ರದವರು ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲಿ ಸಣ್ಣ ಪ್ರಸಾರ ಗೋಪುರವೊಂದನ್ನು ನಿಲ್ಲಿಸಿದರು. ಇಲ್ಲಿ ಒಂದೇ ಜಿಲ್ಲೆ, ಒಂದೇ ನುಡಿ. ಕಾರ್ಯಕ್ರಮಗಳು ಜೋಡಣಿಕೋಶದ ಶಿಷ್ಟ ಗುಜರಾತಿಯನ್ನು ಬಿಟ್ಟು ಚರೋತರದ ಆಡುಮಾತಿಗೆ ಬಂದವು. ಅಸ್ಪೃಶ್ಯತೆ, ಕನಿಷ್ಠ ಕೂಲಿ, ಕುಡಿತ, ಶೋಷಣೆ ಮೊದಲಾದ ಊರಿನ ಒಳಸಂಕಟಗಳು ನಾಟಕಗಳಾದವು. ಹಳ್ಳಿಯವರೇ ನಟಿಸಿದರು. ಸಂಶೋಧಕರು ಮೊದಲೇ ಹಳ್ಳಿಗಳಿಗೆ ಹೋಗಿ ಜನರ ಅಭಿಪ್ರಾಯ ಕೇಳಿಕೊಂಡು ಬರುತ್ತಿದ್ದರು, ಪ್ರಸಾರವಾದ ಮೇಲೆ ಮತ್ತೆ ಹೋಗಿ ಕೇಳುತ್ತಿದ್ದರು. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೊ ಪ್ರಶಸ್ತಿ ಖೇಡಾಕ್ಕೆ ಬಂದಿತು. ಅಚ್ಚು ಹೊರಗಿಟ್ಟಿದ್ದ ಮಾತು ಪರದೆಯ ಮೂಲಕ ಒಳಗೆ ಬಂದದ್ದು ಹೀಗೆ. ಅಹಮದಾಬಾದಿನ ಒಂದೇ ಸಂಸ್ಥೆ ಗುಲ್ಬರ್ಗಕ್ಕೆ ಆಕಾಶದಿಂದ ಮಾತನಾಡಿತು, ಖೇಡಾದೊಡನೆ ನೆಲದ ಮೇಲೆ ಕುಳಿತು ಮಾತನಾಡಿತು.

ಎರಡರ ಮುಂದಿನ ಕಥೆಯೂ ನಮ್ಮ ಪ್ರಶ್ನೆಗೆ ಉತ್ತರವೇ. ಒಂದು ವರ್ಷ ಮುಗಿದೊಡನೆ ಎಟಿಎಸ್-6 ಹಿಂದಿರುಗಿತು. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಕ್ಕೆ ಭೂ ಪ್ರಸಾರ ಕೇಂದ್ರ ಬಂದಿತು. ಕರ್ನಾಟಕದ ಮೊದಲ ದೂರದರ್ಶನ ಕೇಂದ್ರವೆಂಬ ಗೌರವ ಆ ಊರಿನದು; ಬೆಂಗಳೂರು 1981ರವರೆಗೆ ಕಾಯಬೇಕಾಯಿತು. ರಾಜಧಾನಿಗಿಂತ ಮೊದಲು ಹಳ್ಳಿ ಎಂಬ ಸಾರಾಭಾಯಿಯವರ ಮಾತು ಕರ್ನಾಟಕದಲ್ಲಿ ಅಕ್ಷರಶಃ ನಿಜವಾಯಿತು. ಆದರೆ 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ದೇಶವನ್ನೆಲ್ಲ ಆವರಿಸತೊಡಗಿತು. ಖೇಡಾದ ಪ್ರಯೋಗ ಹತ್ತು ವರ್ಷ ನಡೆದು 1985ರಲ್ಲಿ ಕೊನೆಗೊಂಡಿತು. ಪ್ರಶಸ್ತಿ ಪಡೆದ ಮಾದರಿ ಬೇರೆ ಜಿಲ್ಲೆಗಳಿಗೆ ಹರಡಲಿಲ್ಲ. ಹರಡಿದ್ದು ಒಂದು ಕಡೆಯಿಂದ ಎಲ್ಲರಿಗೂ ಮಾತಾಡುವ ಮಾದರಿ.

ಹೊರನಾಡಿನಲ್ಲಿರುವ ನಮಗೆ ಈ ಚರಿತ್ರೆ ಏಕೆ ಮುಖ್ಯ? ಇಂದು ಸೂರತ್ತಿನ ಮನೆಯಲ್ಲೂ ಕನ್ನಡ ವಾಹಿನಿಗಳಿವೆ, ಕೈಯಲ್ಲಿನ ಮೊಬೈಲಿನಲ್ಲಿ ಕನ್ನಡ ಹಗಲಿರುಳು ಹರಿಯುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ಕೇಳಲು ಸಿಗುತ್ತಿಲ್ಲವೆಂದು ದೂರುವಂತಿಲ್ಲ. ಅವರಿಗೆ ಸಿಗದಿರುವುದು ಕನ್ನಡದಲ್ಲಿ ಮರುಮಾತಾಡುವ ಸಂದರ್ಭ. ವಾಹಿನಿಯ ಕನ್ನಡ ಮನೆಯ ಕಲಬುರಗಿ, ಕಾರವಾರ, ಕುಂದಾಪುರದ ಕನ್ನಡಕ್ಕಿಂತ ಬೇರೆಯಾದಾಗ ಮಗು ತನ್ನ ಅಜ್ಜಿಯ ಮಾತೇ ತಪ್ಪೆಂದು ಭಾವಿಸಿ ಮೌನವಾಗುತ್ತದೆ, ಇಲ್ಲವೇ ಗುಜರಾತಿಗೋ ಇಂಗ್ಲಿಷಿಗೋ ಜಾರುತ್ತದೆ. ಆಮೇಲೆ ಆ ಮನೆಯಲ್ಲಿ ಕನ್ನಡವು ನೋಡುವ ಭಾಷೆಯಾಗಿ ಉಳಿದೀತೇ ಹೊರತು ಆಡುವ ಭಾಷೆಯಾಗಿ ಉಳಿಯದು.

ಆದ್ದರಿಂದ ನಮ್ಮ ಕೂಟಗಳು ವರ್ಷಕ್ಕೊಮ್ಮೆ ವೇದಿಕೆ ಕಟ್ಟಿ ಊರಿನಿಂದ ಭಾಷಣಕಾರರನ್ನು ಕರೆಸುವುದರೊಡನೆ ಪಿಜ್ ಹಳ್ಳಿಯ ದಾರಿಯನ್ನೂ ಒಮ್ಮೆ ಹಿಡಿಯಬೇಕು. ಮನೆಮನೆಯ ಕನ್ನಡವನ್ನು ತಿದ್ದದೆ ಕೇಳಬೇಕು, ಮಕ್ಕಳ ನಾಟಕವನ್ನು ಆ ಮನೆಗಳ ಮಾತಿನಲ್ಲೇ ಕಟ್ಟಬೇಕು, ಆಡಿದ ಮೇಲೆ ಹೇಗಿತ್ತೆಂದು ಅಜ್ಜಿಯರನ್ನು ಕೇಳಬೇಕು. ಇದಕ್ಕೆ ಉಪಗ್ರಹವೂ ಬೇಡ, ಗೋಪುರವೂ ಬೇಡ. ಅಹಮದಾಬಾದಿನಲ್ಲಿಯೋ ವಡೋದರಾದಲ್ಲಿಯೋ ಒಂದು ಭಾನುವಾರದ ಸಂಜೆ, ನಾಲ್ಕು ಮನೆಗಳ ಜನ ಸೇರಿದರೆ ಸಾಕು.