ಹುಟ್ಟೂರು ಕೇಳಿ ವೈರಸ್ ಹಿಡಿದ ಕಥೆ

ವೈರಸ್ ಎಂದರೆ ನಮ್ಮ ಜೀವಕೋಶಗಳನ್ನು ಕೊಲ್ಲುವಂಥದ್ದು ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಕೊಲ್ಲುವ ಬದಲು ಕೋಶಗಳನ್ನು ಮಿತಿಮೀರಿ ಬೆಳೆಸಿ ಪ್ರಾಣಕ್ಕೆ ಕುತ್ತು ತರುವ ವೈರಸ್ಸೂ ಇದೆ. ಅದರ ಹೆಸರು ಎಚ್‌ಟಿಎಲ್‌ವಿ-1.

1970ರ ದಶಕ. ಜಪಾನಿನ ಕ್ಯೋಟೊ ನಗರದಲ್ಲಿ ಕಿಯೋಶಿ ತಕಾತ್ಸುಕಿ ಮತ್ತು ಅವರ ಜೊತೆಗಾರ ವೈದ್ಯರಿಗೆ ವಿಚಿತ್ರ ರಕ್ತದ ಕ್ಯಾನ್ಸರ್ ಒಂದು ಕಣ್ಣಿಗೆ ಬಿತ್ತು. ರೋಗಿಗಳೆಲ್ಲ ವಯಸ್ಕರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಕೇಂದ್ರ ಹೂವಿನ ಎಸಳಿನ ಹಾಗೆ ಕಾಣುತ್ತಿತ್ತು. ಹುಟ್ಟಿದ್ದು ಎಲ್ಲಿ ಎಂದು ವಿಚಾರಿಸಿದರೆ, ಹೆಚ್ಚಿನವರು ದೂರದ ಕ್ಯುಶು ದ್ವೀಪದವರು! 1977ರಲ್ಲಿ ಅವರು 16 ರೋಗಿಗಳ ವಿವರ ಪ್ರಕಟಿಸಿದರು.

ಹುಟ್ಟೂರಿಗೂ ಕ್ಯಾನ್ಸರಿಗೂ ಏನು ಸಂಬಂಧ? ಉತ್ತರ ಎರಡು ದೇಶಗಳಿಂದ ಬಂತು. 1980ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೊ ತಂಡ ಒಬ್ಬ ರೋಗಿಯ ಬಿಳಿ ರಕ್ತಕಣಗಳಿಂದ ರೆಟ್ರೋವೈರಸ್ ಒಂದನ್ನು ಬೇರ್ಪಡಿಸಿತ್ತು. 1981ರಲ್ಲಿ ಜಪಾನಿನ ಯೊರಿಯೊ ಹಿನುಮಾ ತಂಡಕ್ಕೆ ತಮ್ಮ ರೋಗಿಗಳ ರಕ್ತದಲ್ಲೂ ಇಂಥದ್ದೇ ವೈರಸ್ಸಿನ ಗುರುತು ಸಿಕ್ಕಿತು. ಎರಡೂ ಒಂದೇ ಎಂದು ಆಮೇಲೆ ಖಚಿತವಾಯಿತು.

ಈ ವೈರಸ್ ಮಾಡುವುದೇನು? ನಮ್ಮನ್ನು ಕಾಯುವ ಟಿ-ಕೋಶದೊಳಗೆ ನುಗ್ಗಿ, ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸಿಕೊಂಡು, ಕೋಶದ ಡಿಎನ್‌ಎಯೊಳಗೇ ಸೇರಿಬಿಡುತ್ತದೆ. ನಂತರ ಟ್ಯಾಕ್ಸ್ ಎಂಬ ಪ್ರೋಟೀನು ತಯಾರಾಗುತ್ತದೆ. ಅದು ಕೋಶದ ವಂಶವಾಹಿಗಳ ಸ್ವಿಚ್ಚುಗಳನ್ನು ಒತ್ತುತ್ತದೆ. ಬೆಳೆ ಎಂಬ ಸಂಕೇತ ಹಿಡಿಯುವ ಗ್ರಾಹಕಗಳು ಕೋಶದ ಮೈಮೇಲೆ ಹೆಚ್ಚುತ್ತವೆ. ಸುಮ್ಮನಿರಬೇಕಾದ ಕಾವಲುಗಾರ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಪ್ರತಿ ಮರಿಕೋಶದಲ್ಲೂ ವೈರಸ್ ಇರುತ್ತದೆ. 1983ರಲ್ಲಿ ಪತ್ತೆಯಾದ ಎಚ್‌ಐವಿ ಕೂಡ ರೆಟ್ರೋವೈರಸ್ಸೇ, ಆದರೆ ಅದು ಟಿ-ಕೋಶಗಳನ್ನು ನಾಶಮಾಡುತ್ತದೆ.

ಸೋಂಕು ತಗುಲಿದ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಜೀವಮಾನದಲ್ಲಿ 100ಕ್ಕೆ ಸುಮಾರು 5 ಮಂದಿಗೆ ಬರಬಹುದು, ಅದೂ ಹಲವು ದಶಕಗಳ ನಂತರ. ಹಾಗಾದರೆ ಸೋಂಕು ತಗುಲುವುದು ಯಾವಾಗ? ಬಹುಪಾಲು ಹಸುಗೂಸಾಗಿದ್ದಾಗ, ಎದೆಹಾಲಿನ ಮೂಲಕ. ಕ್ಯುಶುವಿನಲ್ಲಿ ಹುಟ್ಟಿದವರಲ್ಲೇ ರೋಗ ಹೆಚ್ಚು ಕಂಡದ್ದರ ಗುಟ್ಟು ಇದು: ಅಲ್ಲಿ ವೈರಸ್ ತಾಯಿಯಿಂದ ಮಗುವಿಗೆ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತ್ತು.

1987ರಿಂದ ಅದೇ ದ್ವೀಪದ ನಾಗಸಾಕಿ ಪ್ರಾಂತ್ಯದಲ್ಲಿ ಗರ್ಭಿಣಿಯರ ರಕ್ತಪರೀಕ್ಷೆ ಶುರುವಾಯಿತು. ಸೋಂಕಿರುವ ತಾಯಂದಿರಿಗೆ ಮಗುವಿಗೆ ಬೇರೆ ಹಾಲು ಕೊಡಲು ಸಲಹೆ ಕೊಟ್ಟರು. ಎದೆಹಾಲು ಕುಡಿದ ಮಕ್ಕಳಲ್ಲಿ 100ಕ್ಕೆ ಸುಮಾರು 20 ಇದ್ದ ಸೋಂಕು, ಕುಡಿಯದವರಲ್ಲಿ 3ಕ್ಕಿಂತ ಕಡಿಮೆ ಇತ್ತು. ಔಷಧವಿಲ್ಲ, ಲಸಿಕೆಯಿಲ್ಲ, ದಾರಿ ತಿಳಿದದ್ದರಿಂದಲೇ ಎಷ್ಟೋ ಮಕ್ಕಳು ಉಳಿದರು.

ಒಂದು ಮಾತು ಮರೆಯಬೇಡಿ. ಇದನ್ನು ಓದಿ ಯಾರೂ ಎದೆಹಾಲು ನಿಲ್ಲಿಸಬಾರದು. ಆ ಸಲಹೆ ಪರೀಕ್ಷೆಯಲ್ಲಿ ಈ ಸೋಂಕು ಖಚಿತವಾದ ತಾಯಂದಿರಿಗೆ, ವೈದ್ಯರು ಹೇಳಿದಾಗ ಮಾತ್ರ. ಉಳಿದೆಲ್ಲ ಮಕ್ಕಳಿಗೆ ತಾಯಿಹಾಲಿಗಿಂತ ಒಳ್ಳೆಯ ಆಹಾರವಿಲ್ಲ.