ಮುಖ ಉಳಿಸಿದ ದಾಕು

ಮುಖ ಒರಟಾಗಿದೆ, ಗುಳಿ ಬಿದ್ದಿದೆ ಎಂದರೆ ಅರಿಶಿನ ತೇದು ಹಚ್ಚು, ಕಡಲೆಹಿಟ್ಟಿನಲ್ಲಿ ತಿಕ್ಕು ಎನ್ನುವ ಸಲಹೆ ಮಲೆನಾಡಿನ ಮನೆಗಳಲ್ಲಿ ಈಗಲೂ ಸಿಗುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: ಹಿಂದಿನವರು ಸೋಪು ಕಂಡವರಲ್ಲ, ಕ್ರೀಮು ಕಂಡವರಲ್ಲ, ಆದರೂ ಅವರ ಮುಖ ಎಷ್ಟು ನುಣುಪಾಗಿತ್ತು! ಈ ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಮಲೆನಾಡಿನ ವನಗೂರು, ಹೆತ್ತೂರು, ಯಸಳೂರು ಸೀಮೆ ಮಂಜರಾಬಾದ್ ತಾಲ್ಲೂಕು ಎನಿಸಿಕೊಂಡಿದ್ದ ಕಾಲದಲ್ಲಿ ಸಿಡುಬಿನ ಕುಳಿಗಳಿದ್ದ ಮುಖ ಯಾರಿಗೂ ಅಚ್ಚರಿಯದ್ದಾಗಿರಲಿಲ್ಲ. ಆ ಕುಳಿ ಮಾಯವಾದದ್ದು ಹಚ್ಚಿದ ಲೇಪದಿಂದಲ್ಲ, ತೋಳಿಗೆ ಹಾಕಿದ ದಾಕಿನಿಂದ, ಅಂದರೆ ಸಿಡುಬಿನ ಲಸಿಕೆಯಿಂದ.

ಸಿಡುಬು ಮೈಯೆಲ್ಲ ಏಳುತ್ತಿದ್ದರೂ ಮುಖವನ್ನೇ ಹೆಚ್ಚು ಕೆಡಿಸುತ್ತಿದ್ದುದಕ್ಕೆ ಕಾರಣವಿದೆ. ಚರ್ಮಕ್ಕೆ ಜಿಡ್ಡು ಒಸರುವ ಗ್ರಂಥಿಗಳು ಮುಖದಲ್ಲಿ ದಟ್ಟವಾಗಿವೆ. ರೋಗ ಆ ಗ್ರಂಥಿಗಳನ್ನೇ ಹಾಳುಮಾಡುತ್ತಿತ್ತು. ಗಾಯ ಮಾಯುವಾಗ ಅಲ್ಲಿನ ಅಂಗಾಂಶ ಕುಗ್ಗಿ, ಗಟ್ಟಿಯಾಗಿ, ಗುಳಿ ಶಾಶ್ವತವಾಗುತ್ತಿತ್ತು. ರೋಗ ಹತ್ತಿದವರಲ್ಲಿ ಹತ್ತಕ್ಕೆ ಸುಮಾರು ಮೂವರು ಸಾಯುತ್ತಿದ್ದರು. ಬದುಕಿದವರಲ್ಲಿ ಹೆಚ್ಚಿನವರು ಈ ಗುರುತು ಹೊತ್ತೇ ಬಾಳಬೇಕಿತ್ತು. ಒಂಟಿಮನೆಗಳ ಬೆಟ್ಟಸೀಮೆಗೆ ಇದು ತಟ್ಟಿರಲಾರದು ಎನ್ನಬಹುದು. ದೂರ ದೂರದ ಮನೆಗಳು ಕೆಲವು ವರ್ಷ ರೋಗವನ್ನು ತಡೆಯುತ್ತವೆ, ನಿಜ. ಆದರೆ ಆ ವರ್ಷಗಳಲ್ಲಿ ರೋಗ ಕಾಣದೆ ಬೆಳೆದವರೆಲ್ಲ, ಅದು ಬಂದಾಗ ಒಟ್ಟಿಗೇ ಮಲಗುತ್ತಾರೆ. ಮೇಲಾಗಿ 1840ರ ದಶಕದಿಂದ ಮಂಜರಾಬಾದಿನಲ್ಲಿ ಕಾಫಿ ತೋಟಗಳು ಎದ್ದವು. ಹಣ್ಣು ಕುಯ್ಯುವ ಕಾಲಕ್ಕೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳುಗಳು ಬಂದು ಲೈನ್ ಮನೆಗಳಲ್ಲಿ ಒತ್ತೊತ್ತಾಗಿ ಉಳಿಯತೊಡಗಿದರು. ನಮ್ಮ ದೇಶದಲ್ಲಿ ಸಿಡುಬು ಹಬ್ಬುತ್ತಿದ್ದುದೂ ಚಳಿ ಮುಗಿದು ಬಿಸಿಲೇರುವ ಒಣ ತಿಂಗಳುಗಳಲ್ಲಿ, ಇಳಿಯುತ್ತಿದ್ದುದು ಮಳೆ ಹಿಡಿದ ಮೇಲೆ. ಕುಯ್ಲು, ಸುಗ್ಗಿ, ಜಾತ್ರೆ, ಮದುವೆ, ಮಾರಿಹಬ್ಬ ಎಲ್ಲವೂ ಬೀಳುವುದು ಆ ಒಣ ತಿಂಗಳುಗಳ ಆಸುಪಾಸಿನಲ್ಲೇ.

ಊರಿನವರು ಕೈಕಟ್ಟಿ ಕೂತಿರಲಿಲ್ಲ. ಅಮ್ಮ ಎಂದೇ ಕರೆಯುತ್ತಿದ್ದ ಸಿಡುಬು ಬಂದ ಮನೆಗೆ ಹೊರಗಿನವರು ಹೋಗುತ್ತಿರಲಿಲ್ಲ, ಒಗ್ಗರಣೆ ನಿಲ್ಲುತ್ತಿತ್ತು, ತಂಪಿನ ಊಟವಷ್ಟೇ. ನವೆಯಾದಾಗ ಉಗುರು ತಾಗದಂತೆ ಬೇವಿನ ಸೊಪ್ಪಿನಿಂದ ಸವರುತ್ತಿದ್ದರು. ಇದನ್ನೆಲ್ಲ ಮೌಢ್ಯವೆಂದು ಪಕ್ಕಕ್ಕೆ ತಳ್ಳುವುದು ಅವಸರದ ಮಾತು. ರೋಗಿಯನ್ನು ಬೇರೆ ಇಡುವ ವಿವೇಕ ಇದರಲ್ಲಿತ್ತು. ಆದರೆ ಒಳಗೆ ಸತ್ತ ಗ್ರಂಥಿಯನ್ನು ಬೇವು ಬದುಕಿಸಲಾರದು. ಅದಕ್ಕೆ ರೋಗವೇ ಬಾರದಂತೆ ಮಾಡಬೇಕಿತ್ತು. ವೈದ್ಯ ಜೆನ್ನರ್ 1796ರಲ್ಲಿ ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ ಗೋಸಿಡುಬಿನ ಲಸಿಕೆ 1802ರ ಜೂನಿನಲ್ಲಿ ಮುಂಬಯಿ ಮುಟ್ಟಿತು. ಮೂರೇ ವರ್ಷಕ್ಕೆ ಮೈಸೂರಿನ ಅರಮನೆಯಲ್ಲಿತ್ತು. 1805ರ ಸುಮಾರಿಗೆ ಚಿತ್ರಕಾರ ಥಾಮಸ್ ಹಿಕಿ ಬರೆದ ಮೂವರು ರಾಣಿಯರ ಚಿತ್ರವನ್ನು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಓದಿದ ಬಗೆ ಸ್ವಾರಸ್ಯದ್ದು. ಬಲಗಡೆಯ ಯುವರಾಣಿ, ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೇರಿಸುತ್ತಿದ್ದ ಹಳೆಯ ಪದ್ಧತಿಯ ಗುರುತದು ಎಂಬುದು ಚಾನ್ಸೆಲರ್ ವಾದ. ಆ ಓದು ಸರಿಯಾದರೆ ಹಳೆಯ ದಾರಿ, ಹೊಸ ದಾರಿ ಎರಡೂ ಒಂದೇ ಚೌಕಟ್ಟಿನಲ್ಲಿ ನಿಂತಿವೆ, ಅದೂ ಹೆಂಗಸರ ಮುಖ ಮತ್ತು ತೋಳಿನ ಮೇಲೆ.

ಅರಮನೆಯಿಂದ ಬೆಟ್ಟಕ್ಕೆ ಬರುವುದು ಸುಲಭವಿರಲಿಲ್ಲ. ಮೊದಮೊದಲು ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಎಂಟನೆಯ ದಿನ ತೆಗೆದು ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕಿತ್ತು. ಸರಪಣಿ ಎಲ್ಲಿ ಕಡಿದರೂ ಕೆಲಸ ಕೆಟ್ಟಿತು. ಯಾರ ತೋಳಿನ ರಸ ಯಾರಿಗೆ ಎಂಬ ಜಾತಿಯ ತಕರಾರು ಬೇರೆ. ಕರುವಿನ ಮೈಯಲ್ಲಿ ರಸ ಬೆಳೆಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಮೇಲೆ ಈ ತೊಡಕು ಸಡಿಲವಾಯಿತು. ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೇ ಸರ್ಕಾರಿ ಕೆಲಸ ಸಿಗದ ಡಾ. ಪಲ್ಪು ಮೈಸೂರು ಸಂಸ್ಥಾನಕ್ಕೆ ಬಂದು ಬೆಂಗಳೂರಿನ ಲಸಿಕೆ ಸಂಸ್ಥೆಯಲ್ಲಿ ದುಡಿದದ್ದನ್ನು ಇಲ್ಲಿ ನೆನೆಯಬೇಕು. ಶಾಖಕ್ಕೆ ಕೆಡದ ಒಣ ಲಸಿಕೆ, ಕವಲುಮೊನೆಯ ಸೂಜಿ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನ ನಂತರ. 1975ರಲ್ಲಿ ಭಾರತದ ಕೊನೆಯ ಪ್ರಕರಣಗಳು ಕಂಡವು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವೆಂದು ಘೋಷಣೆಯಾಯಿತು.

ಹಾಗಾದರೆ ನಮ್ಮ ಲೇಪಗಳ ಪರಂಪರೆ ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಅಭ್ಯಂಗ, ಸ್ನಾನ, ಲೇಪನಗಳನ್ನು ವಿಸ್ತಾರವಾಗಿ ಬರೆದಿದ್ದಾನೆ. ಸೀಗೆ, ಅಂಟುವಾಳ ಈ ಕಾಡಿನವೇ. ಇವು ಕೊಳೆ, ಜಿಡ್ಡು ತೆಗೆಯುತ್ತವೆ, ಅರಿಶಿನ ಉರಿಯೂತವನ್ನು ಒಂದಿಷ್ಟು ತಗ್ಗಿಸೀತು. ಇವೆಲ್ಲ ಚರ್ಮದ ಮೇಲ್ಪದರದ ಕೆಲಸ. ಸಿಡುಬಿನ ಕುಳಿಯಿದ್ದದ್ದು ಅದರ ಕೆಳಗೆ. ಮೈಸೂರು ಸಂಸ್ಥಾನದ ಗಂಧದೆಣ್ಣೆ ಕಾರ್ಖಾನೆ 1916ರಲ್ಲಿ ಶುರುವಾಗಿ, ಅದರ ಬೆನ್ನಿಗೆ ಬಂದ ಗಂಧದ ಸಾಬೂನು ಮನೆಮಾತಾದ ಕಾಲಕ್ಕೆ ದಾಕು ಹಾಕುವವರು ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದರು. ಹೆಸರು ಮಾತ್ರ ಸಾಬೂನಿಗೆ ಬಂತು.

ಸಿಡುಬು ಹೋದರೂ ಒರಟು ಮುಖ ಹೋಗಿಲ್ಲವಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯದು. ಮೊಡವೆ ಇದೆ, ಬಂಗು ಇದೆ, ಬಿಸಿಲಿನ ಕಲೆಯಿದೆ. ಆದರೆ ಮೊಡವೆಯ ಕುಳಿಯೂ ಅದೇ ಜಿಡ್ಡಿನ ಗ್ರಂಥಿಯ ಸುತ್ತ ಉರಿಯೂತವೆದ್ದು, ಒಳಗಿನ ಆಧಾರ ಕುಸಿದೇ ಆಗುವುದು. ಜರ್ಮನಿಯ ಚರ್ಮವೈದ್ಯ ಕ್ರೊಮಾಯರ್ 1905ರಲ್ಲಿ ತಿರುಗುವ ಉಪಕರಣದಿಂದ ಚರ್ಮದ ಮೇಲ್ಪದರವನ್ನು ಉಜ್ಜಿ ತೆಗೆಯುವ ಚಿಕಿತ್ಸೆಯನ್ನು ವರ್ಣಿಸಿದ. ಇಂದಿನ ವೈದ್ಯರು ಸಣ್ಣ ಸೂಜಿಗಳಿಂದ ಚುಚ್ಚಿ ಹೊಸ ಕೊಲಾಜೆನ್ ಹುಟ್ಟುವಂತೆ ಮಾಡುತ್ತಾರೆ. ಇವುಗಳಿಂದಲೂ ಕುಳಿ ಆಳ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಅಳಿಯುವುದಿಲ್ಲ. ಮೊಡವೆ ಉರಿಯುತ್ತಿರುವಾಗಲೇ, ಕುಳಿ ಬೀಳುವ ಮೊದಲೇ ಔಷಧ ಹಿಡಿಯಿರಿ ಎಂದು ಚರ್ಮವೈದ್ಯರು ಒತ್ತಾಯಿಸುವುದು ಅದಕ್ಕೇ.